ಫರಶಿ ಕಲ್ಲಿನ ಮೇಲಿನ ಪತ್ರಿಕೆ

ಮೊನ್ನೆ ನಿಮ್ಮ ತಂಗಿ ಶೈಲಾಳ ಬಾಣಂತನಕ್ಕೆ ಉಂಡೆ ಕಟ್ಟಲೆಂದು ತರಿಸಿದ್ದ ಜಾಲಿಯ ಅಂಟಿನ ನಾಲ್ಕು ಹರಳು ನೀರಿದ್ದ ಬಟ್ಟಲಿಗೆ ಬಿದ್ದು, ಯಾರೂ ನೋಡದೆ ಅಡಿಗೆಮನೆಯ ಮೂಲೆಯಲ್ಲಿ ಹಾಗೇ ಉಳಿದಿದ್ದವು. ತೊಳೆಯಲೆಂದು ಬಟ್ಟಲು ಎತ್ತಿದಾಗ ಹುಳಿಗೆ ತಿರುಗಿದ ಹಸಿ ತೊಗಟೆಯ ವಾಸನೆ ಬಂತು. ನಾನು ಗೋಡೆಗೆ ಕೈ ಕೊಟ್ಟು ನಿಂತುಬಿಟ್ಟೆ. "ಆಯಿ, ಚಕ್ಕರ್ ಬಂತೇನು?" ಎಂದು ಶೈಲಾ ಒಳಗಿನಿಂದ ಕೇಳಿದಳು. ಇಲ್ಲ ಎಂದೆ. ನಿಮ್ಮ ಅಪ್ಪ ನನ್ನ ಹೊಟ್ಟೆಯಲ್ಲಿದ್ದ ಆ ಚಳಿಗಾಲ ಪೂರ್ತಿ ನನ್ನ ಸೀರೆಯ ಸೆರಗಿಗೆ ಇದೇ ವಾಸನೆ ಇರುತ್ತಿತ್ತು.

ನನ್ನ ಯಜಮಾನರು, ನಿಮ್ಮ ಮುತ್ಯಾ, ಪತ್ರಿಕೆ ನಡೆಸಿದ್ದರೆಂದು ನಿಮಗೆ ಗೊತ್ತು. ಅದು ಹೇಗಿತ್ತು, ಏಕೆ ನಿಂತಿತು ಎಂದು ನೀವು ಕೇಳಿದಾಗಲೆಲ್ಲ "ಒಂದು ಚಳಿಗಾಲ ನಡೀತು, ಆಮ್ಯಾಲ ನಿಂತ್ತು" ಎಂದಷ್ಟೇ ಹೇಳಿ ಎದ್ದು ಹೋಗಿದ್ದೇನೆ. ನಾಲ್ಕು ಜನ ಕುಳಿತಲ್ಲಿ ಬಾಯಿ ಬಿಡುವುದು ನನಗೆ ಈ ವಯಸ್ಸಿನಲ್ಲೂ ಆಗುವುದಿಲ್ಲ. ಬರೆಯುವುದು ಆಗುತ್ತದೆ. ಆ ಪತ್ರಿಕೆಯನ್ನು ಮೊದಲಿನಿಂದ ಕೊನೆಯ ಸಂಚಿಕೆಯವರೆಗೆ ಬರೆದದ್ದೂ ಈ ಕೈಯೇ. ಸುದ್ದಿ ಕಟ್ಟಿದವರು ನಿಮ್ಮ ಮುತ್ಯಾ. ನಾನು ಬರೆದದ್ದು ಅಕ್ಷರಗಳನ್ನು, ಒಂದೊಂದಾಗಿ.

ಅದು ಪೊಲೀಸ್ ಆಕ್ಷನ್ ಆದ ವರ್ಷ. ನಮ್ಮ ಕಡೆ ಅದನ್ನು ಗಡಬಡಿ ವರ್ಷ ಎನ್ನುತ್ತಿದ್ದರು. ಬೇಸಿಗೆಯಲ್ಲಿ ರಜಾಕಾರರ ಹಾವಳಿ. ಆಡಕಿಯ ಆಚೆಗಿನ ಸಣ್ಣ ಹಳ್ಳಿ ನನ್ನ ತವರು. ಅಲ್ಲಿ ನನ್ನ ಅಣ್ಣ ಶಿವಶರಣನನ್ನು ಕಣದಲ್ಲಿಯೇ ಕೊಂದು, ಜೋಳದ ಕಣಿಕೆಗೆ ಬೆಂಕಿ ಇಟ್ಟು ಹೋದರು. ಸುಟ್ಟ ಬಣವೆಯಲ್ಲಿ ಅವನು ಯಾವ ಕಡೆ ಇದ್ದಾನೆಂದು ತಿಳಿಯದೆ ಅಪ್ಪ ಎರಡೂ ಕೈಯಿಂದ ಬೂದಿ ಕೆದರಿದನಂತೆ. ಆಮೇಲೆ ಭಾದ್ರಪದದಲ್ಲಿ ಹಿಂದುಸ್ತಾನದ ಸೈನ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ನಾವು ಶಹಾಬಾದಿನಲ್ಲಿದ್ದೆವು. ಬೀದಿಯಲ್ಲಿ ಬೆಲ್ಲ ಹಂಚಿದರು. ನಾನೂ ತಿಂದೆ. ಬೆಲ್ಲದ ರುಚಿ ಬಾಯಲ್ಲಿರುವಾಗಲೇ ಬೇರೆ ಸುದ್ದಿ ಬರತೊಡಗಿತು. ರಜಾಕಾರರು ಯಾವಾಗಲೋ ಓಡಿಹೋಗಿದ್ದರು. ಹಳ್ಳಿಗಳಲ್ಲಿ ಸೇಡಿಗೆ ಹೊರಟವರ ಕೈಗೆ ಸಿಕ್ಕವರು ಬಡ ಮುಸಲ್ಮಾನರು, ಪಿಂಜಾರರು, ಬಳೆ ಮಾರುವವರು, ಎಂದೂ ಯಾರ ತಂಟೆಗೂ ಹೋಗದವರು.

ನಿಮ್ಮ ಮುತ್ಯಾ ಆಗ ಶಾಲೆಯ ಮಾಸ್ತರರು. ಕಲಿತದ್ದೂ ಕಲಿಸಿದ್ದೂ ಎಲ್ಲ ಉರ್ದುವಿನಲ್ಲಿ; ಕನ್ನಡವನ್ನು ದೊಡ್ಡವರಾದ ಮೇಲೆ ಹಟ ಹಿಡಿದು ಕಲಿತವರು. ಇನ್ನು ನಮ್ಮ ಮಾತಿನಲ್ಲಿ ನಮಗೊಂದು ಪತ್ರಿಕೆ ಬೇಕು ಎಂದು ಅವರಿಗೆ ಹುಚ್ಚು ಹಿಡಿಯಿತು. ಹೆಸರೂ ಇಟ್ಟಾಗಿತ್ತು, 'ಕಾಗಿಣಾ ತೀರ' ಎಂದು. ಕನ್ನಡದ ಅಚ್ಚಿನ ಮೊಳೆ ಮಾತ್ರ ನಮ್ಮ ಸುತ್ತಿನಲ್ಲಿ ಎಲ್ಲೂ ಇರಲಿಲ್ಲ. ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗಬೇಕಿತ್ತು.

ಊರಲ್ಲಿ ಇದ್ದದ್ದು ಒಂದೇ ಒಂದು ಕಲ್ಲಚ್ಚು. ಅದು ಇಮಾಮ್ ಸಾಹೇಬರದು. ಅವರು ಮೂಲತಃ ಚಿತ್ತಾಪುರದವರು, ಕಾತಿಬರು. ಎಂದರೆ ಉರ್ದುವನ್ನು ಚಂದವಾಗಿ ಬರೆದು ಕಲ್ಲಿನಿಂದ ಅಚ್ಚು ತೆಗೆಯುವವರು. ಮದುವೆಯ ಕರೆಯೋಲೆ, ಕಚೇರಿಯ ನೋಟೀಸು ಎಲ್ಲ ಅವರ ಕೈಯಿಂದ ಬರುತ್ತಿತ್ತು. ಗಡಬಡಿಯಲ್ಲಿ ಜನ ನುಗ್ಗಿ ಅವರ ವಿಲಾಯತಿ ಅಚ್ಚುಗಲ್ಲನ್ನು ಒಡೆದು ಹಾಕಿದ್ದರು; ಒತ್ತುವ ಯಂತ್ರ ಮಾತ್ರ ಉಳಿದಿತ್ತು. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಇದ್ದೊಬ್ಬ ಮಗ ಖಾಸಿಮ, ಹದಿನೆಂಟು ದಾಟಿದ ಹುಡುಗ, ಸೈನ್ಯ ಬರುವ ಮುಂಚಿನ ವಾರ ಸೋದರತ್ತೆಯನ್ನು ನೋಡಿ ಬರುತ್ತೇನೆಂದು ಚಿಂಚೋಳಿ ಕಡೆ ಹೋದವನು ಬಂದಿರಲಿಲ್ಲ.

ನಿಮ್ಮ ಮುತ್ಯಾ ಹೋಗಿ ಪತ್ರಿಕೆಯ ವಿಷಯ ಎತ್ತಿದಾಗ ಸಾಹೇಬರು ಕೇಳಿದರಂತೆ, "ಚಿಂಚೋಳಿ ತನಕಾ ಹೋಗ್ತದೇನ್ರಿ ಅದು, ಮಾಸ್ತರ?"

"ಹೋಗ್ತದ. ಹಳ್ಳಿ ಹಳ್ಳಿಗೆ ಹೋಗ್ತದ."

"ಹಂಗಾದ್ರ ಪ್ರತಿ ಸಲ ಒಂದು ಮೂಲ್ಯಾಗ ನನ್ನ ಮಗನ ಜಾಹೀರಾತು ಹಾಕ್ರಿ. ಮತ್ತೇನೂ ಬ್ಯಾಡ ನನಗ."

ಹೀಗೆ ಪತ್ರಿಕೆ ಶುರುವಾಯಿತು. ಒಡೆದ ಕಲ್ಲಿನ ಬದಲಿಗೆ ನಮ್ಮೂರಿನದೇ ಫರಶಿ ಕಲ್ಲು. ನೀವು ಓಡಾಡುವ ಈ ನೆಲಕ್ಕೆ ಹಾಸಿದೆಯಲ್ಲ, ಅದೇ. ಅದನ್ನು ಕೊಟ್ಟವರು ಕಲ್ಲಿನ ಖಣಿಯ ಗುರುಪಾದಪ್ಪ ಸಾವಕಾರರು. ಅವರು ರಜಾಕಾರರ ಕಾಲದಲ್ಲಿ ಊರು ಬಿಟ್ಟು ಗಡಿಯಾಚೆ ಇದ್ದು ಬಂದವರು. ಊರಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ನಮ್ಮ ಮನೆಗೆ ಹೊಂದಿಕೊಂಡಿದ್ದ ತಮ್ಮ ಕೋಣೆಯನ್ನೂ ಅವರೇ ಬಿಟ್ಟುಕೊಟ್ಟರು. ಸಾಹೇಬರು ದಪ್ಪ ಕಲ್ಲೊಂದನ್ನು ಆರಿಸಿ, ಮೇಲೆ ಮರಳು ನೀರು ಹಾಕಿ ಇನ್ನೊಂದು ಕಲ್ಲಿನಿಂದ ಉಜ್ಜಿ ಉಜ್ಜಿ ಗಾಜಿನ ಹಾಗೆ ಮಾಡಿದರು. ವಿಲಾಯತಿ ಕಲ್ಲಿನ ಗುಣ ಇದಕ್ಕೆಲ್ಲಿಂದ ಬರಬೇಕು? ಹಾಳೆಗೆ ಹೊಗೆ ಹಿಡಿದಂತೆ ಬೂದು ಬಣ್ಣ ಬರುತ್ತಿತ್ತು, ನಡುನಡುವೆ ಸಾಲುಗಳು ಮಬ್ಬಾಗುತ್ತಿದ್ದವು. ಆದರೂ ಓದಬಹುದಿತ್ತು.

ಬರೆಯುವುದು ಯಾರು ಎಂಬ ಪ್ರಶ್ನೆ ಬಂತು. ಸಾಹೇಬರಿಗೆ ಕನ್ನಡ ಮಾತು ನಮ್ಮಷ್ಟೇ ಸಲೀಸು, ಅಕ್ಷರ ಮಾತ್ರ ಒಂದೂ ಬರದು. ನಿಮ್ಮ ಮುತ್ಯಾರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ನಾನು ಹಳ್ಳಿಯ ಮಠದಲ್ಲಿ ಅಯ್ಯನವರ ಮುಂದೆ ಮರಳಿನಲ್ಲಿ ತಿದ್ದಿ, ಆಮೇಲೆ ವಚನಗಳನ್ನು ಬರೆದು ಬರೆದು ಕಲಿತವಳು. ಅಕ್ಷರ ದುಂಡಗಿದ್ದವು. ಗೊತ್ತಾದ ಮೇಲೆ ತಪ್ಪಿಸಿಕೊಳ್ಳಲು ಆಗಲಿಲ್ಲ.

ನಮ್ಮ ಅತ್ತಿ ಮಾತ್ರ ಬಿಡಲಿಲ್ಲ. "ನನ್ನ ಮಗ ಲಗ್ನ ಮಾಡ್ಕೊಂಡದ್ದು ಸೊಸಿನ್ನೋ, ಮುನಶಿನ್ನೋ? ಬಸುರಿ ಹೆಂಗಸು ಮಸಿ ಹಚ್ಕೊಂಡು ಕುಂತ್ರ ಹುಟ್ಟೂ ಕೂಸು ಯಾವ ಬಣ್ಣ ಇರ್ತದ?"

"ನಿನ್ನ ಬಣ್ಣ ಇದ್ರ ಸಾಕು ಬಿಡವ್ವಾ," ಎಂದರು ನಿಮ್ಮ ಮುತ್ಯಾ. ಅತ್ತಿ ಕಲ್ಲಿದ್ದಲಿನಷ್ಟು ಕಪ್ಪು. ನಗು ಬಂದು ನಾನು ಒಳಗೆ ಓಡಿದೆ.

ನಾನು ಅಚ್ಚಿನ ಕೋಣೆಗೆ ಹೋಗುತ್ತಿರಲಿಲ್ಲ. ನಡುಗೋಡೆಯಲ್ಲಿ ಒಂದು ಸಣ್ಣ ಕಿಟಕಿ ಇತ್ತು. ಸಾಹೇಬರು ತಾವಾಗಿ ಆ ಕಡೆ ಒಂದು ಅರಿವೆ ಇಳಿಬಿಟ್ಟರು. ಗಂಜಿ ಮತ್ತು ಹಳದಿ ಬಣ್ಣ ಸವರಿದ ಕಾಗದವನ್ನು ಅವರು ಕಿಟಕಿಯಲ್ಲಿ ಇಡುತ್ತಿದ್ದರು. ನಾನು ಬರೆದು ಅಲ್ಲೇ ಇಡುತ್ತಿದ್ದೆ. ಶಾಯಿಯನ್ನು ಮೇಣ, ಸಾಬೂನು, ಅರಗು, ದೀಪದ ಕಾಡಿಗೆ ಕರಗಿಸಿ ಮಾಡುತ್ತಿದ್ದರು. ಉರ್ದುವಿಗೆಂದು ಓರೆಯಾಗಿ ಕತ್ತರಿಸಿದ ಬಿದಿರಿನ ಲೇಖನಿ, ಆ ಲೆಕ್ಕಣಿಕೆ, ನಮ್ಮ ಅಕ್ಷರ ಸುತ್ತುವಾಗ ಕಾಗದ ಕೀಳುತ್ತಿತ್ತು. ಅವರು ಕತ್ತರಿಸಿ ಕತ್ತರಿಸಿ ಕೊನೆಗೆ ತುದಿಯನ್ನು ಮೊಂಡು ಮಾಡಿ ಕೊಟ್ಟರು. "ನಿಮ್ಮ ಅಕ್ಷರ ಎಲ್ಲಾ ಕುಂತಾವ ಬೇಟಿ. ನಮ್ಮವು ಓಡ್ತಾವ," ಎಂದು ಅರಿವೆಯ ಆಚೆಯಿಂದ ನಕ್ಕರು. ಆ ಚಳಿಗಾಲದಲ್ಲಿ ಅವರು ನಕ್ಕದ್ದು ನಾನು ಕೇಳಿದ್ದು ಕಡಿಮೆ.

ಬರೆದ ಕಾಗದವನ್ನು ಒದ್ದೆ ಕಲ್ಲಿನ ಮೇಲೆ ಬೋರಲಾಗಿ ಹಾಕಿ ಒತ್ತಿದರೆ ಅಕ್ಷರಗಳೆಲ್ಲ ಕಲ್ಲಿಗೆ ಇಳಿಯುತ್ತಿದ್ದವು, ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಮೇಲೆ ಜಾಲಿ ಅಂಟಿನ ನೀರು ಸವರುತ್ತಿದ್ದರು. ಆಮೇಲೆ ಒದ್ದೆ ಅರಿವೆ ಆಡಿಸಿ ಶಾಯಿ ಉರುಳಿಸಿದರೆ ಅಕ್ಷರ ಮಾತ್ರ ಶಾಯಿ ಹಿಡಿಯುತ್ತಿತ್ತು, ಕಲ್ಲು ಹಿಡಿಯುತ್ತಿರಲಿಲ್ಲ. ಹಾಳೆ ಇಟ್ಟು ಒತ್ತಿದರೆ ಅದು ಸೀದಾ ಬರುತ್ತಿತ್ತು.

ದೀಪಾವಳಿಗೆ ಮೊದಲ ಸಂಚಿಕೆ ಬಂತು. ಕಟ್ಟು ಬಿಚ್ಚಿ ನೋಡಿದರೆ ಪತ್ರಿಕೆ ಹಿಂದುಮುಂದಾಗಿತ್ತು. ಸಾಹೇಬರು ಜೀವಮಾನವೆಲ್ಲ ಮಾಡಿದ ಹಾಗೆ ಬಲಗಡೆಯಿಂದ ಪುಟ ಕೂಡಿಸಿದ್ದರು. ಉರ್ದು ಓದಿ ಬೆಳೆದ ನಿಮ್ಮ ಮುತ್ಯಾರಿಗೂ ಅದರಲ್ಲಿ ಏನೂ ಕಂಡಿರಲಿಲ್ಲ. ಮೇಲೆ ಬಂದದ್ದು ತೊಗರಿಯ ಧಾರಣೆ ಮತ್ತು ಖಾಸಿಮನ ಜಾಹೀರಾತು. ಮೊದಲ ಪುಟ ಕೊನೆಗೆ ಹೋಗಿತ್ತು. ಸಾವಕಾರರು ನಗುತ್ತಲೇ ಹೇಳಿದರು, "ಮಾಸ್ತರ, ಸ್ವಾತಂತ್ರ್ಯ ಬಂದದ್ದು ಓದಬೇಕಂದ್ರ ಮೊದಲ ತೊಗರಿ ಮಾರಬೇಕಾತು ನೋಡ್ರಿ." ಎಲ್ಲರೂ ನಕ್ಕರು. ಆದರೆ ಅದರಿಂದಾಗಿ ಎಲ್ಲರ ಕಣ್ಣಿಗೆ ಮೊದಲು ಬಿದ್ದದ್ದು ಖಾಸಿಮನ ಹೆಸರು. ಮುಂದಿನ ವಾರ ಪುಟ ಸರಿಯಾದವು. ಜಾಹೀರಾತು ಕೊನೆಯ ಪುಟದ ಕೆಳಗಿನ ಎಡಮೂಲೆಗೆ ಹೋಯಿತು. ಪ್ರತಿ ವಾರವೂ ನಾನು ಅದೇ ಮಾತನ್ನು ಹೊಸದಾಗಿ ಬರೆಯುತ್ತಿದ್ದೆ. ಚಿತ್ತಾಪುರದ ಕಾತಿಬ ಇಮಾಮ್ ಸಾಹೇಬರ ಮಗ ಖಾಸಿಮ, ತೆಳ್ಳನೆಯ ಮೈಕಟ್ಟು, ಚಿಂಚೋಳಿ ಕಡೆಗೆ ಹೋದವನು; ಕಂಡವರು ತಿಳಿಸಬೇಕು.

ಎರಡನೆಯ ಸಂಚಿಕೆಯಲ್ಲಿ ರಜಾಕಾರರ ಕೈಯಲ್ಲಿ ಸತ್ತ ನಮ್ಮ ಕಡೆಯವರ ಸುದ್ದಿ ಇತ್ತು. ಅದರಲ್ಲಿ ನನ್ನ ಅಣ್ಣನದೂ ಇತ್ತು. ಬರೆಯುವಾಗ ಎರಡು ಕಾಗದ ಕೆಡಿಸಿದೆ. ಮೊದಲ ಹಾಳೆ ತೆಗೆದು ನೋಡಿದಾಗ ಆ ಸಾಲೇ ಮಬ್ಬಾಗಿತ್ತು. ಅರಿವೆಯ ಆಚೆಯಿಂದ ಸಾಹೇಬರು ಆ ಹಾಳೆಯನ್ನು ಕಿಟಕಿಯಲ್ಲಿ ಇಟ್ಟು ಹೇಳಿದರು, "ಬೇಟಿ, ಇದರಾಗ ನಿಮ್ಮ ಅಣ್ಣಾರ ಹೆಸರು ಯಾವುದು? ಬೆರಳಿಟ್ಟು ತೋರಸು."

ತೋರಿಸಿದೆ. ಅವರು ಸಣ್ಣ ಕುಂಚ ತೆಗೆದುಕೊಂಡರು. ಹಾಳೆಯನ್ನು ಕನ್ನಡಿಗೆ ಹಿಡಿದು, ಕನ್ನಡಿಯಲ್ಲಿ ಕಂಡದ್ದನ್ನು ಕಲ್ಲಿನ ಮೇಲೆ ಹುಡುಕಿ, ಉಲ್ಟಾ ಇದ್ದ ಅಕ್ಷರಗಳ ಮೇಲೆ ಒಂದೊಂದಾಗಿ ಶಾಯಿ ತುಂಬಿದರು. ಅರಿವೆ ಸರಿದಿತ್ತು, ನನಗೆ ಕಾಣುತ್ತಿತ್ತು. ಉಸಿರು ಬಿಗಿಹಿಡಿದಿದ್ದರು. ಮುಗಿದ ಮೇಲೆ, "ಸತ್ತ ಮನುಷ್ಯಾನ ಹೆಸರು ಮಬ್ಬ ಇರಬಾರದು," ಎಂದರು. ಹಾಳೆಯಲ್ಲಿ ನನ್ನ ಅಣ್ಣನ ಹೆಸರು ಉಳಿದೆಲ್ಲಕ್ಕಿಂತ ಕಪ್ಪಗೆ ಬಂತು.

ಆ ಚಳಿಗಾಲ ಹಾಗೆ ನಡೆಯಿತು. ಕಾರ್ಖಾನೆಯ ಸಿಮೆಂಟಿನ ಧೂಳು ಮಂಜಿನೊಂದಿಗೆ ಇಳಿದು ಬೆಳಗ್ಗೆ ಅಂಗಳವೆಲ್ಲ ಬೂದಿ ಬಳಿದಂತೆ ಕಾಣುತ್ತಿತ್ತು. ಶುಕ್ರವಾರ ಕಟ್ಟುಗಳು ರೈಲಿನಲ್ಲಿ ವಾಡಿಗೆ ಹೋಗಿ, ಅಲ್ಲಿಂದ ಚಿತ್ತಾಪುರ, ಸೇಡಂ ಸೇರುತ್ತಿದ್ದವು. ಚಿಂಚೋಳಿ ಕಡೆಗೆ ಬಂಡಿಯ ಭೀಮಶಾ ಒಯ್ಯುತ್ತಿದ್ದ. ಅವನು ಉಪ್ಪು, ಎಣ್ಣೆ ಮಾರುತ್ತ ಹಳ್ಳಿ ತಿರುಗುವವನು. ಚಾವಡಿಯಲ್ಲಿ ಯಾರಾದರೂ ಅಕ್ಷರಸ್ಥರನ್ನು ಹಿಡಿದು ಪತ್ರಿಕೆ ಓದಿಸುತ್ತಿದ್ದ. ಶನಿವಾರ ಸಾಹೇಬರು ಕಲ್ಲು ತಿಕ್ಕುತ್ತಿದ್ದರು. ಹೋದ ವಾರದ ಸುದ್ದಿಯೆಲ್ಲ ಬೂದು ನೀರಾಗಿ ಬಚ್ಚಲಿಗೆ ಹರಿಯುತ್ತಿತ್ತು. ನನ್ನ ಅಣ್ಣನ ಹೆಸರೂ ಹಾಗೆಯೇ ಹೋಯಿತು. ಮತ್ತೆ ಹೊಸ ಕಾಗದ ಬಂದಾಗ ಅವರು ಕೇಳುವುದು ಒಂದೇ, "ಬೇಟಿ, ಚಿಂಚೋಳಿ ಕಡಿಂದ ಏನರ ಖಬರ್ ಬಂದದಾ?" ನಾನು ಬಾಯಿ ಬಿಟ್ಟು ಹೇಳಲಾರದೆ ಬಳೆ ಒಂದು ಸಲ ಆಡಿಸುತ್ತಿದ್ದೆ. ಇಲ್ಲ ಎಂದು ಅವರಿಗೆ ಅರ್ಥವಾಗುತ್ತಿತ್ತು.

ಎಳ್ಳಮವಾಸ್ಯೆ ಕಳೆದು, ಹೊಲದಲ್ಲಿ ಹಸಿ ಜೋಳದ ತೆನೆ, ಸೀತನಿ, ಸುಡುವ ದಿನಗಳು. ಬುಧವಾರ ಮಧ್ಯಾಹ್ನ ಭೀಮಶಾ ಬಂದ. ಬಂಡಿಯ ನೊಗ ಇಳಿಸದೆ, ಎತ್ತಿಗೆ ನೀರು ತೋರಿಸದೆ ನೇರ ಪಡಸಾಲೆಗೆ ಬಂದು ಕೆಳದನಿಯಲ್ಲಿ, "ಮಾಸ್ತರ, ಸಾಹೇಬ್ರು ಅದಾರೇನು?" ಎಂದ. ಇಲ್ಲ ಎಂದ ಮೇಲೆಯೇ ಕುಳಿತ.

ಚಿಂಚೋಳಿ ಕಡೆಯ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಈಗ ಅಲ್ಲಿ ಇರುವವರು ಆ ಜನ ಅಲ್ಲ. ಚಾವಡಿಯಲ್ಲಿ ಜಾಹೀರಾತು ಓದಿಸಿ ಭೀಮಶಾ ಹೊರಟಾಗ ಒಬ್ಬ ಮುದುಕಿ ಊರಾಚೆಯವರೆಗೆ ಬಂಡಿಯ ಹಿಂದೆ ಬಂದಳಂತೆ. "ಆ ಹುಡುಗ ನಮ್ಮ ಕಣಕಿ ಬಣವಿಯಾಗ ಒಂದು ದಿನ ಇದ್ದ. ನಾನೇ ಮುಚ್ಚಿಟ್ಟಿದ್ದೆ, ನನ್ನಪ್ಪಾ. ಚಿತ್ತಾಪುರದ ಕಾತಿಬ್ರ ಮಗ ಅಂತ ತಾನೇ ಹೇಳ್ದ. ಮಜ್ಜಿಗಿ ಕೊಟ್ಟಿದ್ದೆ. ಮರುದಿನ ಹುಡುಕಿ ಎಳಕೊಂಡು ಹೋದ್ರು," ಎಂದಳಂತೆ. ಊರಿನ ಪಿಂಜಾರರ ಮನೆಯವರೆಲ್ಲರ ಜೊತೆ ಅವನನ್ನೂ ತೋಟದ ಬಾವಿಗೆ ಹಾಕಿ, ಮೇಲೆ ಕಲ್ಲು ಮಣ್ಣು ತುಂಬಿದ್ದರು. ಅಲ್ಲಿ ಈಗ ಕುಸುಬಿ ಬಿತ್ತಿದ್ದಾರೆ ಎಂದ ಭೀಮಶಾ.

ಕಾಣೆಯಾದ ಮನುಷ್ಯನೊಬ್ಬನ ಪತ್ತೆ ನಮ್ಮ ಪತ್ರಿಕೆಯಿಂದ ಆದದ್ದು ಅದೊಂದೇ ಸಲ.

ಸುದ್ದಿ ನಮಗಿಂತ ಮುಂಚೆ ಸಾವಕಾರರಿಗೆ ಮುಟ್ಟಿತ್ತೋ ಏನೋ, ಹೊತ್ತು ಇಳಿಯುವ ಮೊದಲೇ ಬಂದರು. ಆ ಹಳ್ಳಿಯ ಗೌಡರು ಅವರ ಬೀಗರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಮಾಸ್ತರ, ಈ ಪತ್ರಿಕಾ ಯಾರ ಜಾಗಾದಾಗ ನಡೀತದ?"

"ನಿಮ್ಮ ಜಾಗಾದಾಗ್ರಿ."

"ಕಲ್ಲು ಯಾರವು?"

"ನಿಮ್ಮವು."

"ನಿಮ್ಮ ಹೆಂಡ್ತಿ ಅಣ್ಣನ್ನ ಸುಟ್ಟವ್ರ ಮ್ಯಾಲ ನಿಮಗ ಇಷ್ಟು ಪ್ರೀತಿ ಯಾಕ ಬಂತು?"

"ಆ ಹುಡುಗ ಯಾರನ್ನೂ ಸುಟ್ಟಿಲ್ರಿ, ಸಾವಕಾರ್ರ. ಅವ ಅತ್ತಿ ಮನಿಗೆ ಹೋಗಿದ್ದ."

ಸಾವಕಾರರು ಎದ್ದರು. "ನಾ ನಿಮಗ ಕೆಟ್ಟದ್ದು ಬಯಸಾವಲ್ಲ. ಆದ್ರ ಇದು ಹೊರಗ ಬಿತ್ತಂದ್ರ ನಿಮ್ಮ ಸಾಮಾನೂ ಹೊರಗ ಬೀಳ್ತಾವ. ಮನ್ಯಾಗ ದಿನ ತುಂಬಿದ ಹೆಂಗಸದಾಳ, ವಿಚಾರ ಮಾಡ್ರಿ."

ಅವರು ಹೋದ ಮೇಲೆ ನಿಮ್ಮ ಮುತ್ಯಾ ಒಲೆಯ ಮುಂದೆ ಬಂದು ಕುಳಿತರು. ನಾನೇ ಹೇಳಿದೆ, "ನಮ್ಮ ಅಣ್ಣನ ಹೆಸರು ಅವ್ರು ತಿದ್ದ್ಯಾರ. ಇದನ್ನ ನಾ ಬರೀತೀನಿ." ನನ್ನ ಕಡೆ ನೋಡಿದರು. ಅಷ್ಟು ಉದ್ದ ಮಾತು ನಾನು ಅವರೆದುರು ಆಡಿದ್ದೂ ಕಡಿಮೆಯೇ.

ಸಾವಿನ ಸುದ್ದಿಯನ್ನು ಒಂಟಿ ಇರುವವರಿಗೆ ಹೇಳಬಾರದು, ಹಿಡಿದುಕೊಳ್ಳಲು ಹತ್ತಿರದ ನಂಟರು ಒಬ್ಬರು ಬೇಕು ಎಂದು ನಮ್ಮಲ್ಲಿ ಪದ್ಧತಿ. ಸಾಹೇಬರ ಇನ್ನೊಬ್ಬ ಅಕ್ಕನ ಗಂಡ ವಾಡಿಯಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಅವರಿಗೆ ಹೇಳಿ ಕಳಿಸಿದೆವು. ಗುರುವಾರ ಬೆಳಗಿನ ಗಾಡಿಗೆ ಅವರು ಬರುವುದು, ಎಲ್ಲರೂ ಕೂಡಿ ಸಾಹೇಬರಿಗೆ ಹೇಳುವುದು, ಆಮೇಲೆ ಅಚ್ಚಿನ ಮಾತು ಎಂದಾಯಿತು. ಬುಧವಾರ ಸಂಜೆಯ ಬೆಳಕಿನಲ್ಲೇ ನಾನು ಹಳದಿ ಕಾಗದ ಬರೆದು ಮುಗಿಸಿದೆ. ಕೊನೆಯ ಪುಟದ ಎಡಮೂಲೆಗೆ ಜಾಹೀರಾತಿನ ಬದಲು ಜೋಳದ ಧಾರಣೆ ಬರೆದೆ. ಕಾಗದಕ್ಕೆ ಅರಿವೆ ಮುಚ್ಚಿ ಕಿಟಕಿಯಲ್ಲಿ ಇಟ್ಟೆ. ಗಾಳಿಗೆ ಒಣಗಿ ಸೆಟೆಯದಿರಲೆಂದು ಯಾವಾಗಲೂ ಹಾಗೆ ಮುಚ್ಚಿ ಅಲ್ಲೇ ಇಡುತ್ತಿದ್ದದ್ದು.

ಗುರುವಾರ ಬೆಳಗ್ಗೆ ಒಣ ಗಾಳಿ ಬೀಸುತ್ತಿತ್ತು. ನಿಮ್ಮ ಮುತ್ಯಾ ಸ್ಟೇಷನ್ನಿಗೆ ಹೋದರು. ನಾನು ಹಿತ್ತಲಲ್ಲಿ ಜಳಕ ಮುಗಿಸಿ ಬರುವಷ್ಟರಲ್ಲಿ ಕಿಟಕಿ ಖಾಲಿ ಇತ್ತು. ಗಾಳಿ ನೋಡಿ, ಶಾಯಿ ಕೆಡುತ್ತದೆಂದು ಸಾಹೇಬರು ಬೇಗ ಬಂದಿದ್ದರು. ಅರಿವೆ ಸರಿಸಿ ನೋಡಿದೆ. ಆಗಲೇ ಕಲ್ಲಿನ ಮೇಲಿಂದ ಹಳದಿ ಕಾಗದ ಸುಲಿಯುತ್ತಿದ್ದರು.

ಕೂಗಬೇಕೆನಿಸಿತು. ಅವರಿಗೆ ಕನ್ನಡ ಓದಲು ಬಾರದಲ್ಲ, ಗಾಡಿ ಬರುವವರೆಗೆ ಏನೂ ಆಗದು ಎಂದು ಎದೆಗೆ ಹೇಳಿಕೊಂಡೆ.

ಅವರು ಕಲ್ಲಿನ ಕೆಳಗಿನ ಬಲಮೂಲೆಗೆ ಬಾಗಿದರು. ಹಾಳೆಯ ಎಡಮೂಲೆ ಕಲ್ಲಿನಲ್ಲಿ ಬಲಕ್ಕೆ ಬರುತ್ತದೆ. ಅಲ್ಲಿ ಬೆರಳಿಟ್ಟು ತಡೆದರು.

"ಬೇಟಿ," ಎಂದರು, ತಿರುಗಿ ನೋಡದೆ. "ಈ ಸಲ ಜಾಹೀರಾತು ಬರದಿಲ್ಲೇನು?"

ಬಳೆ ಆಡಿಸಿದೆ.

"ಜಾಗಾ ಸಾಲಲಿಲ್ಲೇನು?"

ನಾನು ಬಳೆ ಆಡಿಸಲಿಲ್ಲ. ಅವರು ಬೆರಳನ್ನು ಕಲ್ಲಿನ ಮೇಲೆ ಮೆಲ್ಲಗೆ ಸರಿಸತೊಡಗಿದರು, ಒಂದು ಸಾಲು, ಇನ್ನೊಂದು ಸಾಲು. ಅಷ್ಟು ವಾರ ಮಗನ ಹೆಸರನ್ನು ಕಲ್ಲಿನ ಮೇಲೆ ಉಲ್ಟಾ ನೋಡಿ ನೋಡಿ, ಮಬ್ಬಾದಾಗ ಕುಂಚದಿಂದ ತುಂಬಿ ತುಂಬಿ, ಅವರಿಗೆ ಆ ಅಕ್ಷರಗಳು ಬರುತ್ತಿದ್ದವು. ಕಾಗದದ ಮೇಲೆ ಅಲ್ಲ, ಕಲ್ಲಿನ ಮೇಲೆ. ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಕಲ್ಲಿನ ನಡುವಿನಲ್ಲಿ ಅವರ ಬೆರಳು ನಿಂತಿತು.

"ಇಲ್ಲಿ ಅದ," ಎಂದರು.

ಹೊರಗೆ ಯಾರೋ ಕಲ್ಲು ಒಡೆಯುತ್ತಿದ್ದರು. ಅವರು ಸುಲಿದ ಹಳದಿ ಕಾಗದವನ್ನು ತಂದು ಕಿಟಕಿಯಲ್ಲಿ ಇಟ್ಟರು. ಅದರಲ್ಲಿ ಅಕ್ಷರಗಳ ನೆರಳು ಉಳಿದಿತ್ತು. "ಇದರ ಹಿಂದ ಮುಂದ ಏನು ಬರದೀದಿ, ಓದು."

ನಾನು ಓದಿದೆ. ಪರಗಂಡಸಿನ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಊರಿನ ಹೆಸರು ಓದಿದೆ, ಬಾವಿ ಎಂದು ಓದಿದೆ, ಮಣ್ಣು ಮುಚ್ಚಲಾಗಿದೆ ಎಂದು ಓದಿದೆ, ಅವರಲ್ಲಿ ಒಬ್ಬನು ಎಂದು ಓದಿ ನಿಲ್ಲಿಸಿದೆ. "ಓದು," ಎಂದರು. ಓದಿದೆ.

ಅವರು ಹೋಗಿ ಕಲ್ಲಿನ ಮುಂದೆ ಕುಳಿತರು. ಎರಡೂ ಕೈ ಕಲ್ಲಿನ ಅಂಚಿನ ಮೇಲೆ ಇದ್ದವು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಸಣ್ಣ ಕುಂಚ ತೆಗೆದು, ತುದಿಯನ್ನು ತುಟಿಯಲ್ಲಿ ತೇವ ಮಾಡಿ, ಶಾಯಿಯಲ್ಲಿ ಅದ್ದಿದರು. ನನ್ನ ಅಣ್ಣನ ಹೆಸರಿಗೆ ಮಾಡಿದ ಹಾಗೆಯೇ ಮಾಡಿದರು. ಆ ಸಲ ಸಾಲು ಮಬ್ಬಾಗಿರಲಿಲ್ಲ.

ನಿಮ್ಮ ಮುತ್ಯಾ ಮತ್ತು ಸಾಹೇಬರ ಭಾವ ಒಳಗೆ ಬಂದಾಗ ಅವರು ಕಲ್ಲಿಗೆ ಶಾಯಿ ಉರುಳಿಸುತ್ತಿದ್ದರು. ಭಾವ ಬಾಗಿಲಲ್ಲೇ ನಿಂತು, "ಭಾಯಿ..." ಎಂದು ಅಳತೊಡಗಿದರು. "ಆಮ್ಯಾಲ," ಎಂದರು ಸಾಹೇಬರು. "ಮೊದಲ ಕಾಗದ ಹಿಡೀರಿ." ಮೂವರೂ ಕೂಡಿ ಸಂಜೆಯವರೆಗೆ ಅಚ್ಚು ತೆಗೆದರು. ಅತ್ತಿ ರೊಟ್ಟಿ ಕಟ್ಟಿ ಕಿಟಕಿಯಲ್ಲಿ ಇಟ್ಟಳು, ಹಾಗೇ ಉಳಿಯಿತು. ಕೊನೆಯ ಹಾಳೆ ತೆಗೆದ ಮೇಲೆ ಸಾಹೇಬರು ಗೋಡೆಗೆ ಒರಗಿದರು. ಆಮೇಲೆ ಬಂದ ದನಿಯನ್ನು ನಾನು ಬರೆಯಲಾರೆ.

ವಾಡಿಗೆ ಹೋದ ಕಟ್ಟುಗಳು ಹಂಚಿಹೋದವು. ಚಿಂಚೋಳಿಯವು ಮುಟ್ಟಲಿಲ್ಲ. ದಾರಿಯಲ್ಲಿ ಬಂಡಿ ತಡೆದು, ಭೀಮಶಾನನ್ನು ಹೊಡೆದು, ಕಟ್ಟನ್ನು ಹಳ್ಳಕ್ಕೆ ಎಸೆದರು. ಅವನ ಒಂದು ಕಿವಿ ಮತ್ತೆ ಕೇಳಿಸಲಿಲ್ಲ. ಮರುವಾರ ನಿಮ್ಮ ಮುತ್ಯಾರನ್ನು ಗುಲಬರ್ಗಾದ ಸರಕಾರಿ ಕಚೇರಿಗೆ ಕರೆಸಿ, ಬೆಂಚಿನ ಮೇಲೆ ದಿನವಿಡೀ ಕೂರಿಸಿ, ಶಾಂತಿ ಕೆಡಿಸುವ ಪತ್ರಿಕೆಗೆ ಪರವಾನಗಿ ಇಲ್ಲ ಎಂದರು. ಬಾವಿಯನ್ನು ಯಾರೂ ತೋಡಿ ನೋಡಲಿಲ್ಲ.

ಸಾವಕಾರರು ಹೇಳಿದಂತೆ ಶನಿವಾರವೇ ಆಳುಗಳನ್ನು ಕಳಿಸಿದ್ದರು. ಅಚ್ಚಿನ ಯಂತ್ರ ಬೀದಿಗೆ ಬಂತು. ಶನಿವಾರ ಕಲ್ಲು ತಿಕ್ಕುವ ದಿನ. ಸಾಹೇಬರು ತಿಕ್ಕಲಿಲ್ಲ. ಕಲ್ಲನ್ನು ಹೊರಗೆ ತರಲು ಬಂದ ಆಳುಗಳನ್ನು ತಡೆದು ಕಿಟಕಿಯ ಹತ್ತಿರ ಬಂದರು.

"ಬೇಟಿ, ಈ ಕಲ್ಲು ನಾ ಒಯ್ತೀನಿ. ಅಕ್ಷರ ಉಳೀಬೇಕಂದ್ರ ಮ್ಯಾಲ ಅಂಟು ಹಚ್ಚಬೇಕು. ನನ್ನ ಹತ್ರ ಮುಗದದ."

ನಮ್ಮ ಮನೆಯಲ್ಲಿ ಇದ್ದ ಅಂಟು ಒಂದೇ. ನನ್ನ ಬಾಣಂತನದ ಉಂಡೆಗೆಂದು ಅತ್ತಿ ತಿಂಗಳುಗಟ್ಟಲೆ ಕೂಡಿಟ್ಟು, ಯಾರೂ ಮುಟ್ಟದಂತೆ ಮಾಡದ ಮೇಲಿಟ್ಟ ಡಬ್ಬಿ. ನಾನು ಅತ್ತಿಯ ಮುಖ ನೋಡಿದೆ. ಅವಳು ಡಬ್ಬಿ ಇಳಿಸಿ ನನ್ನ ಕೈಗೆ ಕೊಟ್ಟಳು. "ತೊಗೊ. ಉಂಡಿ ತಿನ್ಲಾರ್ದ ಯಾರೂ ಹಡದಿಲ್ಲೇನು?" ಎಂದಳು. ದನಿ ಒಡೆದಿತ್ತು.

ನೀರಲ್ಲಿ ಅಂಟು ಕರಗುವವರೆಗೆ ಕಾದೆವು. ಆ ದಿನ ನಾನು ಕಿಟಕಿಯಿಂದ ಕೊಡಲಿಲ್ಲ. ಬಾಗಿಲಿನಿಂದ ಸುತ್ತಿ ಬಂದು, ತುಂಬಿದ ಹೊಟ್ಟೆ ಹೊತ್ತು ಕಲ್ಲಿನ ಮುಂದೆ ಕುಳಿತು, ನನ್ನ ಕೈಯಿಂದಲೇ ಸವರಿದೆ. ಆಳುಗಳು ಬೇರೆ ಕಡೆ ನೋಡುತ್ತಾ ನಿಂತಿದ್ದರು. ಸಾಹೇಬರ ಮುಖವನ್ನು ಹತ್ತಿರದಿಂದ ನೋಡಿದ್ದು ಅದೊಂದೇ ಸಲ. ಗಡ್ಡದಲ್ಲಿ ಸಿಮೆಂಟಿನ ಧೂಳಿತ್ತು.

ಅಂಟಿನ ಉಂಡೆ ಇಲ್ಲದೆಯೇ ನಿಮ್ಮ ಅಪ್ಪ ಹುಟ್ಟಿದ. ಮಸಿಯದಲ್ಲ, ನಮ್ಮ ಬಣ್ಣವೇ ಬಂತು.

ಸಾಹೇಬರು ಚಿತ್ತಾಪುರಕ್ಕೆ ಹೋದರು, ಮತ್ತೆ ಲೆಕ್ಕಣಿಕೆ ಹಿಡಿಯಲಿಲ್ಲ. ಕಲ್ಲನ್ನು ಬಂಡಿಯಲ್ಲಿ ಒಯ್ದವನು ಭೀಮಶಾ. ಜೊತೆಗೆ ನಿಮ್ಮ ಮುತ್ಯಾ ಹೋಗಿದ್ದರು. ಖಬರಸ್ತಾನದಲ್ಲಿ ಹೆಂಡತಿಯ ಗೋರಿಯ ಪಕ್ಕ ಒಂದು ಆಳುದ್ದದ ಜಾಗ ತೋಡಿಸಿದರಂತೆ. ಅದರಲ್ಲಿ ಮಲಗಿಸಲು ಯಾರೂ ಇರಲಿಲ್ಲ. ಮಣ್ಣು ಮತ್ತೆ ತುಂಬಿ, ಮೇಲೆ ಈ ಕಲ್ಲು ಇಡುವಾಗ ಅವರು ಅಕ್ಷರದ ಮುಖವನ್ನು ಕೆಳಗೆ ಮಾಡಿಸಿದರು. ನಿಮ್ಮ ಮುತ್ಯಾ ಕೇಳಿದರು, "ಮ್ಯಾಲ ಇರಲಿ ಬಿಡ್ರಿ ಸಾಹೇಬ್ರ, ಬಂದವ್ರು ಹೆಸರು ನೋಡ್ತಾರ."

"ಮ್ಯಾಲ ಇಟ್ರ ಉಲ್ಟಾ ಕಾಣ್ತದಲ್ರಿ ಮಾಸ್ತರ," ಎಂದರಂತೆ ಸಾಹೇಬರು. "ಒತ್ತಿದ್ರನ ಸೀದಾ ಬರೋದು. ಮಣ್ಣಿನ ಮ್ಯಾಲ ಸೀದಾ ಬರ್ಲಿ."

ನಿಮ್ಮ ಮುತ್ಯಾ ಎತ್ತಿಟ್ಟಿದ್ದ ಪ್ರತಿಗಳನ್ನು ಗೆದ್ದಲು ತಿಂದವು. 'ಕಾಗಿಣಾ ತೀರ'ದ ಒಂದು ಹಾಳೆಯೂ ನಮ್ಮ ಮನೆಯಲ್ಲಿಲ್ಲ. ಯಾರಾದರೂ ಕೇಳಿದರೆ, ಒಂದು ಪುಟ ಚಿತ್ತಾಪುರದಲ್ಲಿದೆ ಎಂದು ಹೇಳಿ. ಅಕ್ಷರ ನಮ್ಮ ಆಯಿಯದು, ಖಾಸಿಮನ ಹೆಸರಿನ ಮೇಲೆ ತಿದ್ದಿದ ಕೈ ಅವನ ಅಪ್ಪನದು ಎಂದು ಹೇಳಿ.